ಪಟಿಕದ ತುಂಡು

ಖಜಾನೆ ಕಚೇರಿಯ ಹಿಂದಿನ ನಲ್ಲಿ
ಹತ್ತಕ್ಕೆ ಐದಿರುವಾಗ ನಿಲ್ಲುತ್ತದೆ.
ನಾನು ಬಿಣಗಾ ಏರು ಹತ್ತಿ ಇಳಿದು
ಸೈಕಲ್ಲಿಗೆ ಬೀಗ ಹಾಕುವಾಗ ಒಂಬತ್ತು ನಲವತ್ತು.
ಉಳಿದದ್ದು ಹದಿನೈದು ನಿಮಿಷ, ಅರ್ಧ ಬಕೆಟ್ ನೀರು.
ಅಷ್ಟರಲ್ಲಿ ಚೆಂಡಿಯಾದಿಂದ ಬಂದ ಈ ಬೆವರಿನ ಹೆಂಗಸು
ಮೇಜಿನ ಹಿಂದೆ ಕೂರಬಲ್ಲ ಗುಮಾಸ್ತೆಯಾಗಬೇಕು.

ಡಬ್ಬಿ, ತಂಗಿಯ ಬಾಳಂತನಕ್ಕೆ ಬಂದ ಲೇಹ್ಯದ್ದು.
ಎಷ್ಟು ತಿಕ್ಕಿದರೂ ಮುಚ್ಚಳದಲ್ಲಿ ಮೆಂತೆಯ ಘಮ.
ಒಳಗೆ
ಹೀರೆಕಾಯಿ ನಾರಿನಲ್ಲಿ ತುರುಕಿದ ಸೋಪಿನ ಚೂರುಗಳು,
ಮನೆಮಂದಿ ಸವೆಸಿ ಬಿಟ್ಟವು, ಒಂದೊಂದಕ್ಕೆ ಒಂದೊಂದು ಬಣ್ಣ;
ಹೋಮಿಯೋಪಥಿ ಗುಳಿಗೆಯ ಬಾಟಲಿಯಲ್ಲಿ ಕೊಬ್ಬರಿ ಎಣ್ಣೆ,
ಎರಡು ಹಲ್ಲು ಮುರಿದ ಮರದ ಬಾಚಣಿಗೆ,
ಆಯಿಯ ಹಳೆ ಸೀರೆಯಿಂದ ಹರಿದ ಚೌಕ.
ಸವೆದ ಬ್ರಷ್ಷು ಇಲ್ಲಿಲ್ಲ, ಅದು ಸೀಟಿನ ಕೆಳಗಿದೆ,
ಈಗ ಚೈನಿನ ಹಲ್ಲುಜ್ಜುತ್ತದೆ.
ಮತ್ತೆ ಇದು:
ಮಹಾಲೆ ಸುತ್ತಿಗೆಯಿಂದ ಒಡೆದುಕೊಟ್ಟ ಪಟಿಕದ ತುಂಡು.

'ಗಾಯಕ್ಕೆ ಕೇಳಿದವರಿದ್ದಾರೆ,
ಕಂಕುಳಿಗೆ ಕೇಳಿದವಳು ನೀನೇ ಮೊದಲು'
ಎಂದು ಕನ್ನಡಿಯೊಳಗಿಂದಲೇ ನಕ್ಕಿದ್ದ.
ಅರ್ಧ ಗಡ್ಡ ಬೋಳಾದ ಗಿರಾಕಿಯೂ ನಕ್ಕ,
ಕೆನ್ನೆಗೆ ಕತ್ತಿ ತಾಗಿತು.
ಅದೇ ಕಲ್ಲು ಅವನಿಗೂ ಬೇಕಾಯಿತು.

ಒದ್ದೆ ಮಾಡು, ಸವರು, ಒಣಗಲು ಬಿಡು.
ಚುರ್ ಎನ್ನುತ್ತದೆ ಒಂದು ಕ್ಷಣ, ಆಮೇಲೆ
ಸಂಜೆಯವರೆಗೆ ನನಗೆ ನನ್ನ ಸುದ್ದಿಯಿಲ್ಲ.

ಒಂದು ದಿನ ಡಬ್ಬಿ ಮೇಜಿನ ಮೇಲೆ ತೆರೆದೇ ಉಳಿಯಿತು.
ಪಿಂಚಣಿ ವಿಭಾಗದ ದತ್ತಾರಾಮ ಕೊಠಾರಕರ
ಕಲ್ಲುಸಕ್ಕರೆ ಎಂದುಕೊಂಡು ಬಾಯಿಗೆ ಹಾಕಿಕೊಂಡರು.
ಮಧ್ಯಾಹ್ನದವರೆಗೆ ಬಾಯಿ ಬಿಚ್ಚಲಿಲ್ಲ.
ಆ ದಿನ ಒಂದು ಬಿಲ್ಲಿಗೂ ಆಕ್ಷೇಪಣೆ ಬರಲಿಲ್ಲ.
ವಾರ ಕಳೆದು, ಯಾರೂ ಇಲ್ಲದಾಗ,
ಅಂಗಿಯ ಕಂಕುಳಲ್ಲಿ ಸಾಣಿಕಟ್ಟಾದ ಉಪ್ಪಿನಾಗರ ಹೊತ್ತ ಮನುಷ್ಯ
ಫೈಲು ಕೊಡುವ ನೆವದಲ್ಲಿ ಬಂದು ಕೇಳಿದರು:
'ಅದು... ಎಲ್ಲಿ ಸಿಗ್ತದೆ?'

ನನ್ನನ್ನು ಹೊಗಳಬೇಡಿ.
ಆಷಾಢದಲ್ಲಿ ತಿಂಗಳ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ,
ಒಲೆಯ ಮೇಲಿನ ಹಗ್ಗದಲ್ಲಿ ಹೊಗೆ ಹಿಡಿಯುತ್ತದೆ.
ಆಗ ನಾನೂ ಔಷಧದಂಗಡಿಗೆ ಹೋಗುತ್ತೇನೆ.
ಪೇಪರಿನಲ್ಲಿ ಸುತ್ತಿ, ಕರಿ ಚೀಲದಲ್ಲಿ ಕಟ್ಟಿ
ಕಳ್ಳಮಾಲಿನಂತೆ ಕೊಡುತ್ತಾನೆ. ತರುತ್ತೇನೆ.

ಅಂಗಡಿ ಬಾಗಿಲಲ್ಲಿ ತೂಗುವ ಶಾಂಪೂ ಪೊಟ್ಟಣದ ಮಾಲೆಗೂ
ಈಗಲೂ ಕೈ ಹೋಗುತ್ತದೆ,
ಅವಸರದವರಿಗೆಂದೇ ಹೇಳಿ ಮಾಡಿಸಿದ್ದು, ಎರಡೇ ರೂಪಾಯಿ.
ಆದರೆ ಅಲಿಗದ್ದಾದಲ್ಲಿ ರಂಪಣಿ ಎಳೆದಾಗ ನೋಡಿದ್ದೇನೆ,
ಬಂಗಡೆಗಿಂತ ಮೊದಲು ದಡ ಹತ್ತಿದ್ದು ಅದೇ ಪೊಟ್ಟಣ.
ಅದರ ಮೇಲಿನ ಹೆಂಗಸು ಹಾಗೇ ನಗುತ್ತಿದ್ದಳು.
ಕಾಳಿಯ ಕೆಸರು, ಕಡಲಿನಲ್ಲಿ ಎಷ್ಟು ಮಳೆಗಾಲವೋ,
ಒಂದೆಳೆ ಕೂದಲು ಕೆದರಿರಲಿಲ್ಲ.
ನನ್ನದು ಬಿಣಗಾ ಏರಿನಲ್ಲೇ ಕೆದರುತ್ತದೆ.
ಭಾನುವಾರಕ್ಕೆ ಮತ್ತಿ ಎಲೆ ಕಿವುಚಿದ ಗೊಂಪು,
ವಾರದ ನಡುವೆ ಎದುರುಗಾಳಿ.

ಕಲ್ಲು ಸವೆಯಿತು.
ಹುಣಸೆಬೀಜದಷ್ಟಾಯಿತು, ಬೆರಳಿಗೆ ಸಿಗದಾಯಿತು.
ಎಸೆಯಹೋದವಳ ಕೈಯಿಂದ ಕಿತ್ತುಕೊಂಡು ಆಯಿ
ಮಳೆಗೆ ಕೆಂಪಾದ ಬಾವಿನೀರಿನ ಕೊಡದಲ್ಲಿ ಹಾಕಿ
ಮೂರು ಸುತ್ತು ತಿರುಗಿಸಿದಳು.
'ಅಯ್ಯೋ, ಅದು ನನ್ನ ಕಂಕುಳಿನ ಕಲ್ಲು!'
'ಕುಡಿಯೂಕಲ್ಲ ಮಾರಾಯ್ತಿ, ನಿನ್ನ ಕಾಲು ತೊಳೆಯೂಕೆ.'

ರಾತ್ರಿಯಿಡೀ ಕೆಸರು ತಳ ಹಿಡಿಯಿತು.
ಬೆಳಿಗ್ಗೆ ಬಗ್ಗಿ ನೋಡಿದೆ, ಕಲ್ಲಿಲ್ಲ.
ತಿಳಿನೀರಿನಲ್ಲಿ ಮಾಡಿನ ಹಂಚು, ಹಂಚಿನ ಸಂದಿಯಲ್ಲಿ ಒಂದು ಜೇಡ.
ಕದಡದಂತೆ ಮೇಲಿಂದ ಚೊಂಬು ಮೊಗೆದು
ಚೈನಿನ ಮಸಿ ಹತ್ತಿದ ಮೀನಖಂಡ ತೊಳೆದುಕೊಂಡೆ.

ಮಹಾಲೆ ಎಂಟಕ್ಕೇ ಬಾಗಿಲು ತೆಗೆಯುತ್ತಾನೆ,
ಬೇಗ ಹೊರಡಬೇಕು.
ಈ ಸಲ ಎರಡು ತುಂಡು,
ಒಂದು ಕೊಠಾರಕರರಿಗೆ.