ನಡವಳಿ

ಮಡಚುವ ಕುರ್ಚಿ ನೂರಿಪ್ಪತ್ತು ಹಾಕಿಸಿದ್ದೆ,
ತುಂಬಿದ್ದು ಎಂಬತ್ತು.
ಬಾಸ್ಕೆಟ್‌ಬಾಲ್ ಬಳೆಗಳ ಕೆಳಗೆ ಬೂಟಿನ ಹಿಮ ಕರಗಿ
ಮರದ ನೆಲದ ಮೇಲೆ ಸಣ್ಣ ಸಣ್ಣ ಕೆರೆ.
ಮಿನಿಸೋಟದ ಫೆಬ್ರವರಿ; ಹೊರಗೆ ಸೊನ್ನೆಗಿಂತ ಇಪ್ಪತ್ತೆರಡು ಕೆಳಗೆ.
ಎಂಜಿನ್ ಆರಿಸದೆ ಒಳಗೆ ಬಂದವರೂ ಇದ್ದಾರೆ,
ಬೇಗ ಮುಗಿಯುತ್ತದೆಂದು ನಂಬಿ.

ನನ್ನ ಕೆಲಸ ಬರೆಯುವುದು.
ಹತ್ತೊಂಬತ್ತು ವರ್ಷದಿಂದ ಶಾಲಾ ಮಂಡಳಿಯ ಬಾಯಿಂದ ಬಿದ್ದದ್ದನ್ನು
ನೆಲ ಮುಟ್ಟುವ ಮೊದಲೇ ಹಿಡಿದು
ಇಸ್ತ್ರಿ ಮಾಡಿ ಮಡಚಿಡುವುದು.
ಕೆಮ್ಮು ಬರೆಯುವುದಿಲ್ಲ. ನಿಟ್ಟುಸಿರು ಬರೆಯುವುದಿಲ್ಲ.
ಯಾರೋ ಸಿಟ್ಟಿನಿಂದ ಎದ್ದುಹೋದರೆ
ಕುರ್ಚಿಯ ಸದ್ದು ಬರೆಯುವುದಿಲ್ಲ.

ಪ್ರಶ್ನೆ: ಡಿಸೆಂಬರಿನಲ್ಲಿ ಬಿಟ್ಟುಹೋದ ಗಣಿತದ ಮೇಷ್ಟ್ರ ಜಾಗಕ್ಕೆ ಯಾರು?
ಉತ್ತರ: ಜಾಹೀರಾತು ಕೊಡಲಾಗಿದೆ.
ಪ್ರಶ್ನೆ: ಅರ್ಜಿ ಎಷ್ಟು ಬಂದಿವೆ?
ಉತ್ತರ: ಜಾಹೀರಾತು ಇನ್ನೂ ಇದೆ.

ಸೂಪರಿಂಟೆಂಡೆಂಟ್ ಕಿವೇಲಾ ಕೆಟ್ಟವನಲ್ಲ.
ಅವನ ತಂದೆ ಗಣಿಯ ತಳದಲ್ಲಿ ನನ್ನಪ್ಪನ ಜೊತೆ ಬುತ್ತಿ ಹಂಚಿಕೊಂಡವನು.
ಆದರೆ ಆ ಮೈಕಿನ ಮುಂದೆ ನಿಂತರೆ ಯಾರಾದರೂ
ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ಕಲಿತುಬಿಡುತ್ತಾರೆ:
ಈ ಕಡೆಗೂ ಬೆಳಕು, ಆ ಕಡೆಗೂ ಬೆಳಕು,
ಹುಡುಕುತ್ತಿದ್ದ ವಸ್ತು ಮಾತ್ರ ಕಾಣದು.

ಬ್ಯಾಂಡು ಪಕ್ಕದ ಊರಿನದರಲ್ಲಿ ಸೇರಿಹೋಯಿತು;
ನಮ್ಮ ಟ್ರಂಬೋನು ಮೂರು, ಅವರ ವ್ಯಾನಿನಲ್ಲಿ ಎರಡಕ್ಕೇ ಜಾಗ.
ಮರಗೆಲಸದ ಕೋಣೆಗೆ ಬೀಗ. ಕಾರಣ, ವಿಮೆ.
ಓದಿನ ಅಂಕಗಳು ಪರದೆಯ ಮೇಲೆ ನೀಲಿ ಕಂಬಗಳಾಗಿ ನಿಂತವು,
ಮೂರನೇ ತರಗತಿಯದು ಗಿಡ್ಡ.
“ಅದರೊಳಗೆ ನನ್ನ ಮಗ ಎಲ್ಲಿದ್ದಾನೆ?” ಎಂದಳೊಬ್ಬಳು,
ನಗಿಸಲಿಕ್ಕಲ್ಲ.
ಎಲ್ಲರೂ ನಕ್ಕರು.

ಜೆರಾಲ್ಡೀನ್ ಬೆಲ್ಲಾಂಗರ್ ಮೈಕನ್ನು ತಗ್ಗಿಸಿಕೊಳ್ಳಲಿಲ್ಲ.
“ಒಜಿಬ್ವೆ ತರಗತಿ ವಾರಕ್ಕೆ ಐದಿತ್ತು, ಈಗ ಎರಡು. ಯಾಕೆ?”
“ಮಕ್ಕಳ ಸಂಖ್ಯೆ ಕಡಿಮೆ.”
“ಕಡಿಮೆ ಮಾಡಿದ್ದೂ ಶಾಲೆಯೇ,” ಎಂದಳು.
“ಈ ಮಾತಾಡಿದ್ದಕ್ಕೆ ನನ್ನಜ್ಜಿಯ ಬಾಯಿಗೆ ಸೋಪು ತುರುಕಿದ ಶಾಲೆ.
ಎಣಿಸುವುದಾದರೆ ಅಲ್ಲಿಂದ ಎಣಿಸಿ.”

ಕಾಫಿಯ ಯಂತ್ರ ಗೊರಗೊರ ಎಂದಿತು.
ನಾನು ಬರೆದೆ:
ಭಾಷಾ ತರಗತಿಯ ಕುರಿತು ಅಭಿಪ್ರಾಯ ವ್ಯಕ್ತವಾಯಿತು.

ಕೊನೆಗೆ ಡಬ್ಬದಿಂದ ಹೆಸರಿಲ್ಲದ ಒಂದು ಚೀಟಿ.
“ನನ್ನ ಬಸ್ಸಿನ ಕೊನೆಯ ನಿಲ್ದಾಣದ ಹುಡುಗ
ನವೆಂಬರಿನಿಂದ ಮಾತಾಡಿಲ್ಲ.
ಅವನ ಜೊತೆ ಸುಮ್ಮನೆ ಕೂರಲು ಶಾಲೆಯಲ್ಲಿ ಯಾರಾದರೂ ಇದ್ದಾರೆಯೇ?”
ಹೆಸರಿಲ್ಲದಿದ್ದರೇನು, ಕಾಗದ ಹರಿಯುವಷ್ಟು ಒತ್ತಿ ಬರೆದ ಅಕ್ಷರ,
ತಿಂಗಳಿಗೊಮ್ಮೆ ಮೈಲಿಗಳ ಲೆಕ್ಕವಾಗಿ ನನ್ನ ಮೇಜಿಗೆ ಬರುವುದು ಅದೇ.
ಹಿಂದಿನ ಗೋಡೆಗೆ ಒರಗಿ ರೈನೋ ತುವೊಮಿನೆನ್
ಟೋಪಿಯನ್ನು ಕೈಯಲ್ಲಿ ಹಿಂಡುತ್ತ
ಆರಿದ ಸ್ಕೋರ್‌ಬೋರ್ಡನ್ನೇ ನೋಡುತ್ತಿದ್ದ.

ಉತ್ತರ: ಆಪ್ತಸಮಾಲೋಚಕರು ಲಭ್ಯರಿದ್ದಾರೆ.
ಎಲ್ಲರಿಗೂ ವಂದನೆಗಳು.

ರಾತ್ರಿ ಅಡುಗೆಮನೆಯ ಮೇಜಿನಲ್ಲಿ ಟೈಪಿಸುತ್ತಿದ್ದೇನೆ.
‘ಲಭ್ಯರಿದ್ದಾರೆ’ಯ ಮುಂದೆ ಕರ್ಸರ್ ಕಣ್ಣು ಮಿಟುಕಿಸುತ್ತ ನಿಂತಿದೆ.
ಸಮಾಲೋಚಕಿ ಒಬ್ಬಳು, ಶಾಲೆ ಮೂರು.
ಅವಳ ವೇಳಾಪಟ್ಟಿ ಟೈಪಿಸಿದವಳೂ ನಾನೇ.
ಪೂರ್ಣವಿರಾಮ ಅಳಿಸಿದೆ. ಅಲ್ಪವಿರಾಮ ಹಾಕಿದೆ:
ಲಭ್ಯರಿದ್ದಾರೆ, ಗುರುವಾರ, ಹತ್ತರಿಂದ ಹನ್ನೆರಡೂವರೆ.

ಕೈಗೆ ಧೈರ್ಯ ಬಂದಿರಬೇಕು.
ಮೇಲೆ ಹೋಗಿ ‘ಅಭಿಪ್ರಾಯ’ವನ್ನು ತೆಗೆದು
ಜೆರಾಲ್ಡೀನಳ ಮಾತನ್ನು ಆಡಿದ ಹಾಗೇ ಇಟ್ಟೆ.
ಸೋಪು.
ಹತ್ತೊಂಬತ್ತು ವರ್ಷದಲ್ಲಿ ಈ ಪದ
ಶೌಚಾಲಯದ ಸಾಮಾನಿನ ಪಟ್ಟಿಯಲ್ಲಲ್ಲದೆ ಬೇರೆಲ್ಲೂ ಬಂದದ್ದಿಲ್ಲ.

ಮುಂದಿನ ತಿಂಗಳು, ಮೊದಲ ವಿಷಯ:
ಹಿಂದಿನ ಸಭೆಯ ನಡವಳಿಗೆ ಒಪ್ಪಿಗೆ.
“ತಿದ್ದುಪಡಿ ಏನಾದರೂ?” ಎಂದು ಅಧ್ಯಕ್ಷೆ ಕೇಳುತ್ತಾಳೆ,
ತಲೆ ಎತ್ತದೆ.
ಇವತ್ತಿನವರೆಗೆ ಯಾರೂ ಓದಿಕೊಂಡು ಬಂದವರಿಲ್ಲ.
ಈ ಸಲ ಓದಲಿ ಎಂದುಕೊಂಡೆನೋ,
ಓದದಿರಲಿ ಎಂದೋ.
ಎಂಟು ಪ್ರತಿ ತೆಗೆದೆ. ಇನ್ನೂ ಬೆಚ್ಚಗಿವೆ.