ತಿರುಗದ ರಾಟೆ

ಅಡುಗೆಮನೆಯ ಮೇಜು ನನ್ನದಾಗಿ ಉಳಿದಿಲ್ಲ,
ಎರಡು ಚಳಿಗಾಲ ಕಳೆಯಿತು.
ಬ್ರೆಡ್ಡಿಗೆ ವಾರ್ನಿಷ್ ವಾಸನೆ, ಬೆಣ್ಣೆಯಲ್ಲಿ ಮರದ ಹೊಟ್ಟು.
ಆರಿಸ್ ಮೂಗಿನ ತುದಿಗೆ ಕನ್ನಡಕ ಜಾರಿಸಿ
ಪೇರ್ ಮರದ ಸೀಳನ್ನು ಕೆಟಲಿನ ಹಬೆಗೆ ಹಿಡಿಯುತ್ತಾನೆ.
ಬಾಗಿದರೆ ದೋಣಿಗೆ,
ಮುರಿದರೆ ಒಲೆಗೆ.

ಅಡಿಗೆ ಕಾಲಂಗುಲ ಲೆಕ್ಕ.
ನೂರಡಿಯ ಆರ್ಮಿನೆಲ್
ನನ್ನ ಲಟ್ಟಣಿಗೆಗಿಂತ ತುಸು ಉದ್ದ.
ಹಾಯಿ ಹೊಲಿದವಳು ನಾನು, ಅಂಗುಲಕ್ಕೆ ಇಪ್ಪತ್ತು ಹೊಲಿಗೆ.
ಚಹಾದಲ್ಲಿ ಅದ್ದಿ ಹಳತು ಮಾಡಲೇ ಎಂದರೆ,
"ಬೇಡ ಥರ್ಜಾ. ಪಂದ್ಯದ ದಿನ ಬಿಳಿ.
ಕಣ್ಣು ಕುಕ್ಕುವ ಬಿಳಿ ಅಂತಿದ್ದ ಅಪ್ಪ."

ಅಪ್ಪ, ಜೇಬೆಜ್.
ಚಳಿಗಾಲವಿಡೀ ಈ ಎಸೆಕ್ಸ್ ಕೆಸರಲ್ಲಿ ಸಿಂಪಿ ಬಾಚುವವ,
ಬೇಸಿಗೆಗೆ ಸಿರಿವಂತರ ಹಗ್ಗಕ್ಕೆ ಹೆಗಲು.
ಗೆದ್ದರೆ ಒಂದು ಪೌಂಡು, ಸೋತರೆ ಅರ್ಧ;
ಬೆಳ್ಳಿ ಬಟ್ಟಲು ಹೇಗೂ ಯಜಮಾನರಿಗೆ.
ಗಾಳಿ ಬಂದಾಗ ತೂರಿಕೊಂಡವರು ಅವರು.
ಗಾಳಿಯನ್ನು ಹಿಡಿದುಕೊಟ್ಟವರು ಇವರು.

ಮದುವೆಯಾದ ಹೊಸತು, ಮಾವನಿಗೆ ಚಹಾ ಕೊಡುವಾಗ
ನೋಡಬಾರದು ಎಂದುಕೊಂಡೇ ನೋಡುತ್ತಿದ್ದೆ
ಆ ಎಡಗೈಯ ಮೂರು ಬೆರಳು.
ಉಳಿದೆರಡರ ಮಾತು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.
ಹನ್ನೊಂದನೆಯ ಇಸವಿ, ಆಗಸ್ಟು. ಅಷ್ಟೇ ಗೊತ್ತು.
ತಿರುವಿನಲ್ಲಿ ಆರ್ಮಿನೆಲ್ ತಡೆದು ನಿಂತಳಂತೆ,
ಬಟ್ಟಲು ಕೈಬಿಟ್ಟಿತಂತೆ.

ನಿನ್ನೆ ಕ್ಲಬ್ಬಿನ ಹ್ಯಾವರ್‌ಗಲ್ ಸಾಹೇಬರು ಬಂದರು,
ಕಾರಿನ ಹಿಂದಿನ ಸೀಟಲ್ಲಿ ಗಾಜಿನ ಪೆಟ್ಟಿಗೆ.
ಸುತ್ತು ಬಂದರು, ಬಗ್ಗಿದರು, ಉಸಿರು ಬಿಗಿಹಿಡಿದು
ಚಿಮಟಿಯಲ್ಲಿ ಒಂದೊಂದೇ ಹಗ್ಗ ಎಳೆದು ನೋಡಿದರು.
ಅರೆ ಬಟಾಣಿಯಷ್ಟು ರಾಟೆಗಳು, ಅರವತ್ತೆರಡು,
ಎಲ್ಲ ತಿರುಗಿದವು
ಒಂದು ಬಿಟ್ಟು.
"ಎಡಗಡೆ ಹಿಂದಿನದು ಕಚ್ಚಿಕೊಂಡಿದೆ.
ಅಂಟು ಇಳಿದಿರಬೇಕು."

ಆರಿಸ್ ಕೈ ಒರೆಸಿಕೊಂಡ.
"ಅಂಟಲ್ಲ. ಅದು ಆಗಲೂ ತಿರುಗುತ್ತಿರಲಿಲ್ಲ.
ಮೂರು ಸಲ ಹೇಳಿದ್ದನಂತೆ ಅಪ್ಪ."

"ನಮ್ಮ ದಾಖಲೆಯಲ್ಲಿ
ಗಾಳಿ ಬಿದ್ದುಹೋಯಿತು ಅಂತಿದೆಯಲ್ಲ."

ಕೆಟಲು ಕೂಗಿತು. ನಾನು ಏಳಲಿಲ್ಲ.
ಅದು ಕೂಗುತ್ತಲೇ ಇತ್ತು,
ಸಾಹೇಬರು ನೋಟು ಎಣಿಸಿ ಮುಗಿಸುವವರೆಗೂ.

ಈಗ ಮೇಜು ಖಾಲಿ.
ಒರೆಸಿದ್ದೇನೆ, ಬಟ್ಟೆ ಹಾಸಿದ್ದೇನೆ.
ರಾತ್ರಿ ಊಟಕ್ಕೆ ಕೂತಾಗ ಮಾತ್ರ
ಇಬ್ಬರೂ ತಟ್ಟೆಯನ್ನು ಅಂಚಿಗೇ ಎಳೆದುಕೊಂಡೆವು,
ನಡುವೆ ಇಪ್ಪತ್ತೈದು ಅಂಗುಲ ಜಾಗ ಬಿಟ್ಟು.