ಎರಡು ಬೆರಳು

ಅಲ್ ಐನ್‌ನ ಸನಾಯ್ಯ, ಮೂರನೇ ಗಲ್ಲಿ, ಕಳೆದ ಆಗಸ್ಟು.
ಬಕೆಟ್ಟಿನ ನೀರಲ್ಲಿ ನೆನೆಹಾಕಿದ್ದೆ
ಐವತ್ತಡಿ ಗಾಜಿನೆಳೆಯ ಪಟ್ಟಿ.
ನೆನೆದರೆ ಹೇಳಿದ ಮಾತು ಕೇಳುತ್ತದೆ,
ಒಣಗಿದ್ದನ್ನು ಮುಟ್ಟಿದರೆ ಮೂರು ದಿನ ನವೆ.

ಉಬೈದನ ಪ್ಯಾಟ್ರೋಲು ಬಾಯಿ ತೆರೆದು ನಿಂತಿತ್ತು.
“ಮರಳುಗುಡ್ಡ ಹತ್ತುವಾಗ ಒಳಗೆ ವಯರು ಕರಗುತ್ತದೆ,
ಏನಾದರೂ ಮಾಡು, ಮುಸ್ತಫಾ.”
ನನ್ನ ಹೆಸರು ಮಾಸ್ತಪ್ಪ, ಊರು ಮಂಕಿ.
ಹದಿನಾಲ್ಕು ವರ್ಷ, ತಿದ್ದಲು ಹೋಗಿಲ್ಲ.

“ಸುತ್ತಬೇಡ, ಬಣ್ಣ ಹೊಡೆ ಸಾಕು” ಎಂದ ಗುಲ್ ಜರೀನ್,
ಸ್ಪ್ರೇ ಗನ್ನು ಒರೆಸುತ್ತ.
“ಕಬ್ಬಿಣವೂ ಬೆವರಬೇಕು ಭಾಯಿ.”
ಬಣ್ಣದವನು ಬಣ್ಣದ ಮಾತಾಡದೆ ಇನ್ನೇನು, ಅಂದುಕೊಂಡೆ.
ಸುತ್ತುವುದು ನನಗೆ ಹುಟ್ಟಿನಿಂದ ಗೊತ್ತು.

ಅಬ್ಬೆ ಸೂಲಗಿತ್ತಿ.
ಅರ್ಧ ಊರು ಅವಳ ಅಂಗೈಗೆ ಬಿದ್ದೇ ಮೊದಲು ಅತ್ತದ್ದು.
ಹೆತ್ತ ಹೊಟ್ಟೆಗೆ ಹಳೇ ಸೀರೆಯ ಪಟ್ಟಿ ಬಿಗಿಯುವಾಗ
ಇನ್ನೊಂದು ತುದಿ ಹಿಡಿದು ನಾನು ಬಾಗಿಲಾಚೆ,
ಬೆನ್ನು ಹಾಕಿ, ಎಂಟು ವರ್ಷದವ.
ಎಳಿ ಅಂದರೆ ಎಳೆಯಬೇಕು, ಸಾಕು ಅಂದರೆ ಸಾಕು.
“ಎರಡು ಬೆರಳು ತೂರಬೇಕೋ,
ಇಲ್ಲದಿದ್ದರೆ ಒಳಗಿನದು ಎಲ್ಲಿಗೆ ಹೋಗಬೇಕು?”

ಪಟ್ಟಿಯ ಡಬ್ಬದ ಮೇಲೆ ಬೆರಳಿನ ಮಾತಿರಲಿಲ್ಲ.
ಕಾಲಿಂಚು ಮೇಲೆ ಕಾಲಿಂಚು, ಗಾಳಿ ಆಡದಂತೆ,
ಚಿತ್ರವೂ ಇತ್ತು. ಹಾಗೇ ಬಿಗಿದೆ.
ಸ್ಟೀಲ್ ಕಟ್ಟಿನ ಬಾಲ ಕತ್ತರಿಸಿ ಚೂಪು ತಟ್ಟಿದೆ.
ಮೊದಲ ಸ್ಟಾರ್ಟಿಗೆ ಗಲ್ಲಿ ತುಂಬ ಹೊಗೆ,
ಉಬೈದ ಎರಡು ಹೆಜ್ಜೆ ಹಿಂದೆ ಹಾರಿದ,
ಆಮೇಲೆ ಬಾನೆಟ್ಟಿನೊಳಗೆ ಕೈಯಾಡಿಸಿ ನಕ್ಕ.
ತಣ್ಣಗಿದೆ! ನೂರು ದಿರ್ಹಮ್ ಮೇಲೆ ಕೊಟ್ಟ.
ಅದರಲ್ಲೇ ಗುಲ್‌ಗೆ ಮಂದಿ ಊಟ ಹಾಕಿಸಿದೆ, ಗೆದ್ದವನ ಹಾಗೆ.

ತಣ್ಣಗಿತ್ತು, ಹೌದು. ಹೊರಗೆ.

ಈ ಜೂನಿನಲ್ಲಿ ವಾಪಸು ಬಂತು, ಟಿಕ್ ಟಿಕ್ ಎನ್ನುತ್ತ.
ಬಿಚ್ಚಿದರೆ ಪಟ್ಟಿ ಹಪ್ಪಳದ ಹಾಗೆ ಮುರಿದುದುರಿತು,
ಕೆಳಗೆ ಬೀಡು ಪದರುಪದರು ತುಕ್ಕು,
ಮೂರನೇ ಸಿಲಿಂಡರಿನ ಕೊರಳಲ್ಲಿ ಬಿರುಕು.
ಕಣ್ಣಿಗೆ ಕೂದಲು. ಉಗುರು ಮಾತ್ರ ಸಿಕ್ಕಿಕೊಂಡಿತು.
ಗುಲ್ ಜರೀನ್ ಬಗ್ಗಿ ನೋಡಿದ. ಏನೂ ಹೇಳಲಿಲ್ಲ.
ಹೇಳಿದ್ದರೆ ಚೆನ್ನಾಗಿತ್ತು.

ಬೀಡಿನ ಬೆಸುಗೆಗೆ ಬೇರೆ ಲೆಕ್ಕ.
ಮೊದಲು ಇಡೀ ಮೈ ಕಾಯಿಸು, ಕೆಂಪೇರುವ ಮುಂಚೆ ನಿಲ್ಲಿಸು.
ನಿಕ್ಕಲ್ ಕಡ್ಡಿಯಲ್ಲಿ ಬೆರಳಗಲ ಹೊಲಿ, ತಟ್ಟು, ಮತ್ತೆ ಬೆರಳಗಲ.
ಆಮೇಲೆ ಅದು ಆರಬೇಕು, ತನ್ನದೇ ಹೊತ್ತಿನಲ್ಲಿ.
ಗಾಳಿ ತಗುಲಿದರೆ ಇನ್ನೊಂದು ಕಡೆ ಸೀಳುತ್ತದೆ.
ಗುಲ್ ಶೆಡ್ಡಿನ ಹಿಂದಿನಿಂದ ಅರ್ಧ ಡ್ರಮ್ ಮರಳು ಎಳೆದು ತಂದ.
ಮರಳಿಗೇನು ಬರವೇ ಇಲ್ಲಿ?
ಅದೂ ಮಧ್ಯಾಹ್ನದ ಮರಳು, ಹುರಿಯುವ ಖರ್ಚೂ ಉಳಿಯಿತು.
ಇಕ್ಕುಳದಲ್ಲಿ ಇಬ್ಬರೂ ಹಿಡಿದು ಇಳಿಸಿದೆವು,
ಬೊಗಸೆ ಬೊಗಸೆ ಮೇಲೆ ಸುರಿದೆವು.
ಸುತ್ತಿ ಕೆಡಿಸಿದ್ದಕ್ಕೆ ಹೂಳುವುದು ಮದ್ದು.
“ಬೆಳಗಾಗುವವರೆಗೆ ಮುಟ್ಟಬೇಡ” ಅಂದ.
ಬಾಣಂತಿ ಕೋಣೆಯ ಕದ ಎಳೆದುಕೊಳ್ಳುವಾಗ
ಅಬ್ಬೆಯೂ ಇಷ್ಟೇ ಹೇಳುತ್ತಿದ್ದದ್ದು.

ಇವತ್ತು ಬಣ್ಣ. ಬೂದಿ ಬಣ್ಣ, ಮೂರು ಕೋಟು, ಅವನದೇ ಕೈ.
ಇದು ಗಾಳಿಗೆ ಒಣಗಿದರೂ ಒಣಗಿದ್ದಲ್ಲ,
ಬೆಂದ ಮೇಲೆಯೇ ಹಿಡಿಯುವುದು.
ಹತ್ತು ನಿಮಿಷ ಎಂಜಿನ್ ಓಡಿಸು, ತಣಿಯಲು ಬಿಡು,
ಇಪ್ಪತ್ತು ಓಡಿಸು, ಮತ್ತೆ ಬಿಡು.
ತಣಿಯಲಿ ಎಂದು ಕಾಯುತ್ತ ಕೂತಿದ್ದೇವೆ
ನಲವತ್ತೇಳು ಡಿಗ್ರಿಯ ತಂಪಿನಲ್ಲಿ.

ಸುಲೈಮಾನಿಯ ಲೋಟಕ್ಕೆ ಕೈ ಚಾಚಿದರೆ
ಮಣಿಕಟ್ಟಿನಲ್ಲಿ ಚುಳ್ ಎಂದಿತು.
ಹಳೇ ಆಗಸ್ಟಿನ ಎಳೆಯೋ, ಮೊನ್ನೆ ಉದುರಿದ್ದೋ,
ಬೆಳಕಿಗೆ ಹಿಡಿದರೂ ಕಾಣುವುದಿಲ್ಲ.
ಗುಲ್ ನನ್ನ ತೋಳು ತಿರುಗಿಸಿ
ಮಾಸ್ಕಿಂಗ್ ಟೇಪು ಒತ್ತಿ ಅಂಟಿಸಿ ಒಮ್ಮೆಲೇ ಕಿತ್ತ.
“ಹೋಯಿತೇ?”
“ಇಲ್ಲ.”
“ಇರಲಿ. ಎಂಜಿನ್ ಹಚ್ಚು, ಹೊತ್ತಾಯಿತು.”